ಎದೆ ನೋವಿಗೆಲ್ಲ ಹೃದಯವೇ ಹೊಣೆಯಲ್ಲ
2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ 46ನೇ ವಯಸ್ಸಿಗೇ ತೀರಿಹೋದಾಗ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಜಿಮ್‌ಗಳಲ್ಲಿ ಭಾರ ಎತ್ತುವ ತಮ್ಮಂದಿರೇ, ಆ ದಿಗಿಲು ನಿಮ್ಮಲ್ಲಿನ್ನೂ ಇದ್ದರೆ ಕೇಳಿ.

ಬೆಂಚ್ ಪ್ರೆಸ್ ಮಾಡಿದ ಮರುದಿನ ಎದೆ ಒತ್ತಿದರೆ ನೋಯುವುದು ಬಹುಮಟ್ಟಿಗೆ ಸ್ನಾಯುವಿನ ನೋವು. ಕಸರತ್ತಿನ ನಡುವೆ ಎದೆ ಹಿಂಡಿ, ದವಡೆಗೋ ಎಡಗೈಗೋ ನೋವು ಹರಿದು, ಬೆವರು ಕಿತ್ತು ಬಂದರೆ ಮಾತ್ರ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಿ.



ಹಾಗೆಯೇ, ಮೈಮುರಿದು ವ್ಯಾಯಾಮ ಮಾಡಿದ ಮರುದಿನ ಲಿವರ್ ಪರೀಕ್ಷೆಗೆ ರಕ್ತ ಕೊಟ್ಟರೆ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿರಬಹುದು. ಆ ಕಿಣ್ವಗಳು ಲಿವರ್‌ನಿಂದಷ್ಟೇ ಅಲ್ಲ, ಸ್ನಾಯುವಿನಿಂದಲೂ ಸೋರುತ್ತವೆ. ರಿಪೋರ್ಟ್ ಹಿಡಿದು ರಾತ್ರಿಯಿಡೀ ಮೊಬೈಲ್ ಕೆದಕುವ ಬದಲು ಡಾಕ್ಟರಿಗೆ ಕಸರತ್ತಿನ ಸಂಗತಿ ಹೇಳಿ. ಪುಡಿ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.