ಪರದೆ ಕತ್ತಲಾದರೆ ಹಾಲಿನ ಲೆಕ್ಕ ಹೋಗುವುದಿಲ್ಲ
ಹಳೆಯ ವಿಂಡೋಸ್ ಕಂಪ್ಯೂಟರಿಗೆ ಹೊಸ ಮಾನಿಟರ್ ಜೋಡಿಸುವ ಪಾಠ



ಬೆಳಗಿನ ಹಾಲು ಸಂಗ್ರಹಣೆ ನಡೆದಿರುತ್ತದೆ. ಸಾಲು ಇನ್ನೂ ಬಾಗಿಲ ಹೊರಗಿರುತ್ತದೆ. ಅಷ್ಟರಲ್ಲಿ ಕಂಪ್ಯೂಟರಿನ ಪರದೆ ಕಪ್ಪಾಗುತ್ತದೆ. ಆಗ ಸಾಲಿನಿಂದ ಬರುವ ಮೊದಲ ಮಾತು ಒಂದೇ: "ನಮ್ಮ ಬಟವಾಡೆ ಲೆಕ್ಕ ಹೋತೇನ್ರಿ?"

ಹೋಗಿರುವುದಿಲ್ಲ. ನಿಮ್ಮ ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ ಎಲ್ಲವೂ ಇರುವುದು ಸಿಪಿಯು ಡಬ್ಬಿಯೊಳಗಿನ ಹಾರ್ಡ್ ಡಿಸ್ಕಿನಲ್ಲಿ. ಮಾನಿಟರ್ ಅದನ್ನು ತೋರಿಸುವ ಕನ್ನಡಿ ಮಾತ್ರ. ಕನ್ನಡಿ ಒಡೆದರೆ ಮುಖ ಒಡೆಯುವುದಿಲ್ಲ. ಇದನ್ನು ಸಂಘದ ಕಾರ್ಯದರ್ಶಿ, ಪರೀಕ್ಷಕಿ ಮಾತ್ರವಲ್ಲ, ಹಾಲು ಹಾಕುವ ಪ್ರತಿ ಸದಸ್ಯೆಯೂ ತಿಳಿದಿರಬೇಕು. ಯಾಕೆಂದರೆ ಅಥಣಿ ತಾಲ್ಲೂಕಿನ ಅನಂತಪುರದಂಥ ಗಡಿಭಾಗದ ಊರುಗಳಿಗೆ ರಿಪೇರಿಯವರು ಅಥಣಿಯಿಂದಲೋ ಮಿರಜದಿಂದಲೋ ಬರಬೇಕು. ಅವರು ಬರುವಷ್ಟರಲ್ಲಿ ಎರಡು ಹೊತ್ತಿನ ಹಾಲು ಮುಗಿದಿರುತ್ತದೆ. ಬಂದವರು "ಇದು ಹಳೇ ಕಂಪ್ಯೂಟರ್, ಪೂರ್ತಿ ಸೆಟ್ಟೇ ಬದಲಿಸಿ" ಎಂದರೆ ಹೌದೋ ಅಲ್ಲವೋ ಹೇಳುವವರು ಬೇಕು. ಆ ದುಡ್ಡು ಸಂಘದ ಲಾಭದಿಂದ ಹೋಗುತ್ತದೆ, ಅಂದರೆ ನಿಮ್ಮ ಬೋನಸ್ಸಿನಿಂದ.

ಹಳೆಯ ಕಂಪ್ಯೂಟರ್ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಪಟ್ಟಣದವರು ಕೇಳುತ್ತಾರೆ. ಕಾರಣ ಜಿಪುಣತನವಲ್ಲ. ಹಾಲಿನ ಲೆಕ್ಕದ ಹಳೆಯ ಸಾಫ್ಟ್‌ವೇರ್‌ಗಳು 2001ರ ವಿಂಡೋಸ್ ಎಕ್ಸ್‌ಪಿಗೋ 2009ರ ವಿಂಡೋಸ್ 7ಕ್ಕೋ ಹೊಂದುವಂತೆ ಮಾಡಿದವು. ಹಾಲು ಪರೀಕ್ಷಾ ಯಂತ್ರದ ವೈರು ಸಿಕ್ಕಿಸುವ 9 ಪಿನ್ನಿನ ಜಾಗವೂ ಆ ಕಾಲದ ಡಬ್ಬಿಗಳಲ್ಲಿ ಇರುತ್ತಿತ್ತು, ಈಗಿನವುಗಳಲ್ಲಿ ಅಪರೂಪ. ಹಾಗಾಗಿ ಪರದೆ ಮಾತ್ರ ಕೆಟ್ಟಿದ್ದರೆ ಪರದೆಯನ್ನೇ ಬದಲಿಸುವುದು ಬುದ್ಧಿವಂತಿಕೆ.

ಮೊದಲು ಕಂಪ್ಯೂಟರ್ ಜೀವಂತ ಇದೆಯೇ ನೋಡಿ

ಕೀಬೋರ್ಡಿನ 'ನಮ್ ಲಾಕ್' ಕೀಲಿ ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ನಡೆಯುತ್ತಿದೆ, ಪರದೆಯದ್ದೇ ತೊಂದರೆ. ದೀಪ ಅಲ್ಲಾಡದಿದ್ದರೆ ತೊಂದರೆ ಡಬ್ಬಿಯಲ್ಲಿದೆ. ಆಗ ಹೊಸ ಮಾನಿಟರ್ ತಂದು ಫಲವಿಲ್ಲ.

ಮಾನಿಟರ್ ದೀಪವನ್ನೂ ನೋಡಿ. ಪೂರ್ತಿ ಆರಿದ್ದರೆ ಕರೆಂಟ್ ಬರುತ್ತಿಲ್ಲ: ಪ್ಲಗ್, ಯುಪಿಎಸ್, ವೈರಿನ ಎರಡೂ ತುದಿ ನೋಡಿ. 'ನೋ ಸಿಗ್ನಲ್' ಅಥವಾ 'ಚೆಕ್ ಕೇಬಲ್' ಎಂದು ತೋರಿಸಿದರೆ ಮಾನಿಟರ್ ಚೆನ್ನಾಗಿದೆ, ಡಬ್ಬಿಯಿಂದ ಚಿತ್ರ ಬರುತ್ತಿಲ್ಲ. ಹೆಚ್ಚಿನ ಸಲ ಸಡಿಲಾದ ವೈರೇ ಕಾರಣ. ನೆಲ ತೊಳೆಯುವಾಗ, ಕ್ಯಾನು ಎಳೆಯುವಾಗ ವೈರು ಎಳೆತಕ್ಕೆ ಸಿಗುವುದು ಡೇರಿಯಲ್ಲಿ ದಿನಾ ಇದ್ದದ್ದೇ.

ಈ ಪರೀಕ್ಷೆಗೆ ಸಂಗ್ರಹಣೆ ನಿಲ್ಲಿಸಬೇಡಿ. ತೂಕದ ಯಂತ್ರಕ್ಕೂ ಹಾಲು ಪರೀಕ್ಷಾ ಯಂತ್ರಕ್ಕೂ ತಮ್ಮದೇ ಅಂಕಿ ತೋರಿಸುವ ಪಟ್ಟಿ ಇರುತ್ತದೆ. ಒಬ್ಬರು ಪುಸ್ತಕ ಹಿಡಿದು ಸದಸ್ಯೆಯ ಸಂಖ್ಯೆ, ಲೀಟರು, ಫ್ಯಾಟು, ಎಸ್‌ಎನ್‌ಎಫ್ ಬರೆದುಕೊಳ್ಳಲಿ. ಆಕೆಗೂ ಚೀಟಿಯಲ್ಲಿ ಬರೆದುಕೊಡಲಿ. ಸಂಜೆ ಅದನ್ನೇ ಕಂಪ್ಯೂಟರಿಗೆ ಏರಿಸಬಹುದು. ಲೀಟರಿಗೆ ಬರುವ ಸರ್ಕಾರದ ಪ್ರೋತ್ಸಾಹಧನವೂ ಈ ಅಂಕಿಗಳ ಮೇಲೆಯೇ ನಿಂತಿದೆ. ಅದಕ್ಕೇ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೋಗಿ, ಬಟವಾಡೆಯ ದಿನ ತಾಳೆ ನೋಡಿ.

ಪರದೆ ಕಾಣದಿದ್ದಾಗ ಕಂಪ್ಯೂಟರ್ ಆರಿಸಬೇಕಾದರೆ ಡಬ್ಬಿಯ ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ. ಸಾಮಾನ್ಯವಾಗಿ ಅದು ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಒಂದೆರಡು ನಿಮಿಷ ಕಾಯಿರಿ. ಗುಂಡಿ ಒತ್ತಿ ಹಿಡಿದರೆ ಒಮ್ಮೆಲೇ ಆರುತ್ತದೆ. ಆಗ ಅರ್ಧ ಬರೆದ ಲೆಕ್ಕ ಕೆಡುವ ಭಯ ನಿಜವಾದದ್ದು.

ಕೊಳ್ಳುವ ಮೊದಲು ಹಿಂಭಾಗ ನೋಡಿ

ಹಳೆಯ ಡಬ್ಬಿಯ ಹಿಂದೆ ನೀಲಿ ಬಣ್ಣದ, 15 ತೂತಿನ ಜಾಗ ಇರುತ್ತದೆ. ಅದಕ್ಕೆ ವಿಜಿಎ ಎನ್ನುತ್ತಾರೆ. ಇವತ್ತು ಅಂಗಡಿಯಲ್ಲಿ ಸಿಗುವ ಕೆಲವು ಮಾನಿಟರ್‌ಗಳಲ್ಲಿ ವಿಜಿಎ ಇಲ್ಲವೇ ಇಲ್ಲ, ಚಪ್ಪಟೆಯಾದ ಎಚ್‌ಡಿಎಂಐ ಮಾತ್ರ. ಆದ್ದರಿಂದ ಡಬ್ಬಿಯ ಹಿಂಭಾಗದ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, "ವಿಜಿಎ ಇರುವ ಮಾನಿಟರ್ ಕೊಡಿ" ಎಂದು ಕೇಳಿ. ಅಂಗಡಿಯವರು ಚಿಕ್ಕ ಪರಿವರ್ತಕ ಕೊಡುತ್ತೇವೆ ಎಂದರೆ ಜಾಗ್ರತೆ. ಅದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ನಮಗೆ ಬೇಕಾದದ್ದು ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವುದು. ಪೇಟೆಯಲ್ಲಿ ಹೆಚ್ಚು ಸಿಗುವುದು ಇದರ ಉಲ್ಟಾ. ನೋಡಲು ಎರಡೂ ಅವಳಿ ಮಕ್ಕಳು.

ಜೋಡಿಸುವಾಗ ಇನ್ನೊಂದು ಎಡವಟ್ಟು ಆಗುವ ಜಾಗವಿದೆ. ಪರೀಕ್ಷಾ ಯಂತ್ರದ 9 ಪಿನ್ನಿನ ಜಾಗವೂ ಮಾನಿಟರ್ ಜಾಗವೂ ಒಂದೇ ಅಳತೆ, ಒಂದೇ ಆಕಾರ. ಮಾನಿಟರ್ ಜಾಗದಲ್ಲಿ ಮೂರು ಸಾಲು ತೂತುಗಳು, ಯಂತ್ರದ ಜಾಗದಲ್ಲಿ ಎರಡು ಸಾಲು ಪಿನ್ನುಗಳು. ತೂತಿಗೆ ಪಿನ್ನಿರುವ ವೈರು, ಪಿನ್ನಿಗೆ ತೂತಿರುವ ವೈರು. ಹೋಗದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ. ಬಲವಂತ ಮಾಡಿದರೆ ಪಿನ್ನು ಬಾಗುತ್ತದೆ, ಯಂತ್ರದ ಅಂಕಿ ಬರುವುದೂ ನಿಲ್ಲುತ್ತದೆ. ಹೊಸ ವೈರಿನಲ್ಲಿ ಒಂದು ಪಿನ್ನು ಇಲ್ಲದಿದ್ದರೆ ಗಾಬರಿ ಬೇಡ. ಒಂಬತ್ತನೆಯ ಪಿನ್ನನ್ನು ಅನೇಕ ಕಂಪನಿಗಳು ಹಾಕುವುದೇ ಇಲ್ಲ.

ಜೋಡಿಸುವ ಕೆಲಸ ಹತ್ತು ನಿಮಿಷದ್ದು. ಕಂಪ್ಯೂಟರ್ ಮತ್ತು ಯುಪಿಎಸ್ ಎರಡನ್ನೂ ಆರಿಸಿ, ಹಳೆಯ ವೈರು ಬಿಚ್ಚಿ, ಹೊಸದನ್ನು ಸಿಕ್ಕಿಸಿ, ಎರಡೂ ಬದಿಯ ತಿರುಪು ಕೈಯಲ್ಲೇ ಬಿಗಿ ಮಾಡಿ. ಮೊದಲು ಮಾನಿಟರ್ ಹಾಕಿ, ಆಮೇಲೆ ಕಂಪ್ಯೂಟರ್.

ಸಿ.ಡಿ. ಯಾಕೆ ಬೇಡ?

ವಿಂಡೋಸ್ 95ರ ಕಾಲದಿಂದ 'ಪ್ಲಗ್ ಅಂಡ್ ಪ್ಲೇ' ಎಂಬ ಏರ್ಪಾಡು ಬಂದಿದೆ. ಸಿಕ್ಕಿಸಿದರೆ ಸಾಕು, ಕಂಪ್ಯೂಟರ್ ತಾನೇ ಗುರುತಿಸುತ್ತದೆ. ಹೇಗೆ ಎಂದರೆ, ಆಕಳ ಕಿವಿಯ ಬಿಲ್ಲೆಯಂತೆ ಮಾನಿಟರ್ ಒಳಗೂ ಒಂದು ಗುರುತಿನ ಚೀಟಿ ಇರುತ್ತದೆ. ಯಾವ ಕಂಪನಿ, ಎಷ್ಟು ಚುಕ್ಕೆಯ ಚಿತ್ರ ಹಿಡಿಸುತ್ತದೆ, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬುದೆಲ್ಲ ಅದರಲ್ಲಿದೆ. ವಿಜಿಎ ವೈರಿನ 12 ಮತ್ತು 15ನೇ ಪಿನ್ನುಗಳು ಆ ಚೀಟಿಯನ್ನು ಕಂಪ್ಯೂಟರಿಗೆ ಓದಿ ಹೇಳುತ್ತವೆ.

ಓದಿತೋ ಇಲ್ಲವೋ ನೀವೇ ನೋಡಬಹುದು. ಎಕ್ಸ್‌ಪಿಯಲ್ಲಿ ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಮಾನಿಟರ್ ಎಂದು ಹೋಗಿ. ವಿಂಡೋಸ್ 7ರಲ್ಲಿ ಬಲಗುಂಡಿ ಒತ್ತಿದರೆ ಸ್ಕ್ರೀನ್ ರೆಸಲ್ಯೂಷನ್, ಅಲ್ಲಿಂದ ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಮಾನಿಟರ್. 'ಪ್ಲಗ್ ಅಂಡ್ ಪ್ಲೇ ಮಾನಿಟರ್' ಅಥವಾ 'ಜೆನೆರಿಕ್ ಪಿಎನ್‌ಪಿ ಮಾನಿಟರ್' ಎಂದಿದ್ದರೆ ಎಲ್ಲ ಸರಿ. ಕಂಪನಿ ಹೆಸರು ಇಲ್ಲವಲ್ಲ ಎಂದು ಸಿ.ಡಿ. ಹುಡುಕುವುದು ಬೇಡ. 'ಡಿಫಾಲ್ಟ್ ಮಾನಿಟರ್' ಅಥವಾ 'ನಾನ್ ಪಿಎನ್‌ಪಿ' ಎಂದಿದ್ದರೆ ಚೀಟಿ ಓದಲಾಗಿಲ್ಲ: ಬೇರೆ ವೈರು ಹಾಕಿ ನೋಡಿ. ಇಡೀ ಪರದೆ ಹಳದಿಗೋ ಗುಲಾಬಿಗೋ ತಿರುಗಿದ್ದರೂ ವೈರೇ ಕಾರಣ. ಕೆಂಪು, ಹಸಿರು, ನೀಲಿಗೆ ಒಂದೊಂದು ಪಿನ್ನು. ನೀಲಿ ತಪ್ಪಿದರೆ ಹಳದಿ, ಹಸಿರು ತಪ್ಪಿದರೆ ಗುಲಾಬಿ.

ಕಂಪನಿ ಹೆಸರು ಬಂದು ಮಾಯವಾದರೆ

ಇದು ಹಳೆಯ ಡಬ್ಬಾ ಮಾನಿಟರ್ ತೆಗೆದು ತೆಳ್ಳಗಿನದು ಹಾಕಿದಲ್ಲಿ ಹೆಚ್ಚಾಗಿ ಆಗುವ ತೊಂದರೆ. ಕಂಪ್ಯೂಟರ್ ಶುರುವಾದಾಗ ಕಂಪನಿ ಹೆಸರು ಕಾಣುತ್ತದೆ, ವಿಂಡೋಸ್ ಬರುತ್ತಿದ್ದಂತೆ 'ಔಟ್ ಆಫ್ ರೇಂಜ್' ಎಂದು ಪರದೆ ಕಪ್ಪಾಗುತ್ತದೆ. ಮಾನಿಟರ್ ಕೆಟ್ಟಿಲ್ಲ, ಅಂಗಡಿಗೆ ವಾಪಸ್ ಒಯ್ಯಬೇಡಿ. ಹಳೆಯದಕ್ಕೆ ಸೆಕೆಂಡಿಗೆ 85 ಸಲ ಚಿತ್ರ ಕಳಿಸುವಂತೆ ಇಟ್ಟಿರಬಹುದು. ತೆಳ್ಳಗಿನ ಮಾನಿಟರಿಗೆ 60 ಸಾಕು, ಅದಕ್ಕಿಂತ ಬಹಳ ಹೆಚ್ಚಾದರೆ ಅದು ತೋರಿಸಲು ಒಪ್ಪುವುದಿಲ್ಲ.

ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ, ಕಂಪನಿ ಹೆಸರು ಬರುತ್ತಿದ್ದಂತೆ ಎಫ್8 ಕೀಲಿಯನ್ನು ಮತ್ತೆ ಮತ್ತೆ ತಟ್ಟಿ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಪಟ್ಟಿ ಬರುತ್ತದೆ. ಎಕ್ಸ್‌ಪಿಯಲ್ಲಿ 'ಎನೇಬಲ್ ವಿಜಿಎ ಮೋಡ್', ವಿಂಡೋಸ್ 7ರಲ್ಲಿ 'ಎನೇಬಲ್ ಲೋ ರೆಸಲ್ಯೂಷನ್ ವಿಡಿಯೋ' ಆರಿಸಿ ಎಂಟರ್ ಒತ್ತಿ. ದೊಡ್ಡ ದೊಡ್ಡ ಅಕ್ಷರದಲ್ಲಿ ಪರದೆ ತೆರೆಯುತ್ತದೆ. ಆಗ ಮೇಲೆ ಹೇಳಿದ ದಾರಿಯಲ್ಲಿ ಹೋಗಿ 1024×768 ಮತ್ತು 60 ಹರ್ಟ್ಜ್ ಇಡಿ, ಮತ್ತೊಮ್ಮೆ ಶುರು ಮಾಡಿ. ಹಳೆಯ ಮಾನಿಟರ್ ಮಂಕಾಗಿಯಾದರೂ ಕಾಣುತ್ತಿದ್ದರೆ, ಅದನ್ನು ಬಿಚ್ಚುವ ಮೊದಲೇ ಈ ಅಂಕಿ ಇಟ್ಟುಬಿಡುವುದು ಇನ್ನೂ ಸುಲಭ.

ಆಮೇಲೆ ಮಾನಿಟರಿನ ನಿಜವಾದ ಅಳತೆಗೆ ಏರಿಸಿ. ಅದು ಡಬ್ಬದ ಮೇಲೆ ಬರೆದಿರುತ್ತದೆ: 1366×768 ಅಥವಾ 1920×1080, ಹೀಗೆ. ಬದಲಿಸಿದಾಗ ಪರದೆ ಕಪ್ಪಾದರೆ ಏನನ್ನೂ ಮುಟ್ಟದೆ 15 ಸೆಕೆಂಡು ಕೂತಿರಿ, ಹಳೆಯದು ತಾನೇ ಮರಳುತ್ತದೆ. ಅಳತೆ ಏರಿಸಿದರೆ ಹಾಲಿನ ಸಾಫ್ಟ್‌ವೇರಿನ ಅಕ್ಷರ ಸಣ್ಣದಾಗಬಹುದು. ನನ್ನ ಅಭಿಪ್ರಾಯದಲ್ಲಿ ಡೇರಿಯ ಪರದೆ ಚಂದಕ್ಕಲ್ಲ. ಕ್ಯಾನು ಹಿಡಿದು ನಿಂತ ಹಿರಿಯ ಅಕ್ಕನಿಗೆ ತನ್ನ ಫ್ಯಾಟು ದೂರದಿಂದ ಕಾಣಬೇಕು. ಅಂಚು ತುಸು ಮಸುಕಾದರೂ ದೊಡ್ಡ ಅಕ್ಷರವೇ ಇರಲಿ. ಅಗಲ ಪರದೆಯಲ್ಲಿ ಹಳೆಯ ಅಳತೆ ಇಟ್ಟರೆ ಅಂಕಿಗಳು ದಪ್ಪಗೆ ಕಾಣುತ್ತವೆ. ಫ್ಯಾಟು ಏರಿದ್ದಲ್ಲ, ಚಿತ್ರ ಹಿಗ್ಗಿದ್ದು.

ಪಟ್ಟಿಯಲ್ಲಿ 800×600ಕ್ಕಿಂತ ಮೇಲೆ ಏನೂ ಸಿಗದಿದ್ದರೆ ಮಾನಿಟರನ್ನು ದೂರಬೇಡಿ. ಮೈ ಕಂಪ್ಯೂಟರ್ ಮೇಲೆ ಬಲಗುಂಡಿ ಒತ್ತಿ, ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಹಳದಿ ಗುರುತಿನ 'ವಿಡಿಯೋ ಕಂಟ್ರೋಲರ್' ಅಥವಾ 'ಸ್ಟ್ಯಾಂಡರ್ಡ್ ವಿಜಿಎ' ಎಂದಿದ್ದರೆ, ಡಬ್ಬಿಯೊಳಗಿನ ಚಿತ್ರ ಕಳಿಸುವ ಭಾಗಕ್ಕೆ ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕಬೇಕು. ಅದು ಕಂಪ್ಯೂಟರ್ ಜೊತೆ ಬಂದ ಸಿ.ಡಿ.ಯಲ್ಲಿರುತ್ತದೆ. ರಿಪೇರಿಯವರಿಗೆ ಫೋನಿನಲ್ಲೇ ಇಷ್ಟು ಹೇಳಿದರೆ ಅವರು ಅದನ್ನೇ ತರುತ್ತಾರೆ, ಎರಡು ಸಲ ಬಂದ ಖರ್ಚು ಉಳಿಯುತ್ತದೆ. ಡ್ರೈವರ್ ಹುಡುಕಲು ಈ ಕಂಪ್ಯೂಟರಿನಲ್ಲೇ ಇಂಟರ್ನೆಟ್ ತೆರೆಯುವುದು ಬೇಡ. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಕಂಪನಿಯ ಸುರಕ್ಷಾ ಸುಧಾರಣೆಗಳು ನಿಂತಿವೆ. ವೈರಸ್ ಹೊಕ್ಕರೆ ಆಗ ನಿಜವಾಗಿಯೂ ಲೆಕ್ಕ ಹೋಗಬಹುದು. ಅದಕ್ಕೇ ಪ್ರತಿ ಬಟವಾಡೆ ಮುಗಿದ ಮೇಲೆ ಲೆಕ್ಕದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಡಿ.

ತೆಗೆದ ಡಬ್ಬಾ ಮಾನಿಟರ್ ಹಿತ್ತಲಿಗೆ ಎಸೆಯಬೇಡಿ, ಬಿಚ್ಚಲೂ ಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಬಲವಾದ ಶಾಕ್ ಉಳಿದಿರಬಹುದು. ಅದರ ಗಾಜಿನಲ್ಲಿ ಸೀಸವಿದೆ, ದನ ಮೇಯುವ ಜಾಗದಲ್ಲಿ ಅದು ಒಡೆದು ಬೀಳಬಾರದು. ಆಡಳಿತ ಮಂಡಳಿ ಸಭೆಯಲ್ಲಿ ಠರಾವು ಬರೆದು, ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತರಿಗೆ ಕೊಟ್ಟು ರಸೀದಿ ಪಡೆದು, ಸಾಮಾನು ಪಟ್ಟಿಯಿಂದ ಅದನ್ನು ತೆಗೆಯಿರಿ.