ಹಗುರ ಪಾತ್ರೆ ಕೊಳ್ಳುವಾಗ

ನಮ್ಮ ಅಡುಗೆಮನೆಯಲ್ಲಿ ಈಗ ಹಿತ್ತಾಳೆ ಪಾತ್ರೆ ಕಡಿಮೆ. ತಾಮ್ರದ ಹಂಡೆ ಅಟ್ಟ ಸೇರಿದೆ. ಒಲೆ ಮೇಲೆ ಇರೋದು ಹೆಚ್ಚಾಗಿ ಅಲ್ಯೂಮಿನಿಯಂ. ಕೆಲವು ಕಡೆ ಇದನ್ನ ಸಿಲ್ವರ್ ಪಾತ್ರೆ ಅಂತೀವಿ. ಕೆಲವು ಕಡೆ ಜರ್ಮನ್ ಪಾತ್ರೆ ಅಂತೀವಿ. ಅದರಲ್ಲಿ ಬೆಳ್ಳಿಯೂ ಇಲ್ಲ, ಅದು ಜರ್ಮನಿಯಿಂದ ಬಂದದ್ದೂ ಅಲ್ಲ!

ನಾವು ಇದನ್ನು ಯಾಕೆ ಕೊಳ್ಳುತ್ತೇವೆ? ಹಗುರ ಅಂತ. ಒಂದೇ ಅಳತೆ, ಒಂದೇ ದಪ್ಪದ ಎರಡು ಪಾತ್ರೆ ಇಟ್ಟು ತೂಗೋಣ. ತಾಮ್ರದ್ದು 3 ಕಿಲೋ ಇದ್ದರೆ ಅಲ್ಯೂಮಿನಿಯಂದು 1 ಕಿಲೋ ಕೂಡ ಇರೋದಿಲ್ಲ. ಬೇಗ ಕಾಯುತ್ತದೆ. ಶಾಖ ಸುತ್ತ ಸಮನಾಗಿ ಹರಡುತ್ತದೆ. ಬೆಲೆಯೂ ಕಡಿಮೆ.

ಆದರೆ ತೀರಾ ತೆಳು ಪಾತ್ರೆ ಬೇಡ. ಮುದ್ದೆ ಮಾಡೋರಿಗೆ ಇದು ಚೆನ್ನಾಗಿ ಗೊತ್ತು. ತೆಳು ಪಾತ್ರೆಯಲ್ಲಿ ಹಿಟ್ಟು ತಳ ಹಿಡಿಯುತ್ತದೆ. ಕೋಲು ಹಾಕಿ ತಿರುವಿದರೆ ಕೋಲಿನ ಜೊತೆ ಪಾತ್ರೆಯೂ ತಿರುಗುತ್ತದೆ! ಅಂಗಡಿಯಲ್ಲೇ ಹೆಬ್ಬೆರಳಿನಿಂದ ಒತ್ತಿ ನೋಡೋಣ. ಒತ್ತಿದ ಕಡೆ ತಗ್ಗಾದರೆ ಅದನ್ನು ಅಲ್ಲೇ ಬಿಡೋಣ.

ಅನ್ನ ಮಾಡಲು, ಹಾಲು ಕಾಯಿಸಲು ಅಲ್ಯೂಮಿನಿಯಂ ಆದೀತು. ಹುಳಿಗೆ ಆಗದು. ಹುಣಸೆಹಣ್ಣು, ಟೊಮೆಟೊ, ಮಜ್ಜಿಗೆ ಈ ಲೋಹವನ್ನು ತಿನ್ನುತ್ತವೆ. ಉಪ್ಪೂ ಅಷ್ಟೆ. ಪಾತ್ರೆಯೊಳಗೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಲೋಹ ಸಾರಿಗೆ ಇಳಿಯುತ್ತದೆ. ಸಾರಿನ ರುಚಿಯೂ ಕೆಡುತ್ತದೆ. ಸಾರನ್ನು ಸ್ಟೀಲ್ ಪಾತ್ರೆಯಲ್ಲೋ ಮಣ್ಣಿನ ಮಡಕೆಯಲ್ಲೋ ಮಾಡೋಣ. ರಾತ್ರಿ ಉಳಿದ ಹುಳಿಯನ್ನು ಬೆಳಗಿನ ತನಕ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು. ನೀರು ಕಾಯಿಸಿ ಕಾಯಿಸಿ ಒಳಗೆ ಕಪ್ಪಾಗಿದೆಯೇ? ಅದಕ್ಕೆ ಗಾಬರಿ ಬೇಡ. ಆ ಕಪ್ಪಿನಿಂದ ತೊಂದರೆ ಇಲ್ಲ.

ಗಾಬರಿ ಆಗಬೇಕಾದ ವಿಷಯ ಬೇರೆ ಇದೆ. ಅದು ಸೀಸ. ಗುಜರಿ ಸಾಮಾನು ಕರಗಿಸಿ ಪಾತ್ರೆ ಎರಕ ಹೊಯ್ಯುವವರು ಇದ್ದಾರೆ. ಆ ಗುಜರಿಯಲ್ಲಿ ಸೀಸ ಬೆರೆತಿರಬಹುದು. 2025ರಲ್ಲಿ ಅಮೆರಿಕ ಸರ್ಕಾರದ ಆಹಾರ ಇಲಾಖೆ ಒಂದು ಎಚ್ಚರಿಕೆ ಕೊಟ್ಟಿತು. ಹೊರದೇಶಗಳಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ, ಹಿಂಡಾಲಿಯಂ ಪಾತ್ರೆಗಳಿಂದ ಅಡುಗೆಗೆ ಸೀಸ ಇಳಿಯಬಹುದು ಎಂದಿತು. ಅದರಲ್ಲಿ ನಮ್ಮ ದೇಶದಲ್ಲಿ ಮಾಡಿದ ಪಾತ್ರೆಯೂ ಇತ್ತು. ಎಲ್ಲ ಹಿಂಡಾಲಿಯಂ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಆದರೆ ಸೀಸ ಕಣ್ಣಿಗೆ ಕಾಣದು. ನಾಲಿಗೆಗೆ ತಿಳಿಯದು. ಎಷ್ಟು ತಿಕ್ಕಿದರೂ ಹೋಗದು. ಅದು ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಮಗು ಕಲಿಕೆಯಲ್ಲಿ ಹಿಂದೆ ಬೀಳುತ್ತದೆ. ಬಸುರಿಯರಿಗೂ ಕೆಟ್ಟದ್ದು.

ಹಾಗಾದರೆ ಏನು ಮಾಡೋದು? ಪಾತ್ರೆ ಮಗುಚಿ ತಳ ನೋಡೋಣ. ಅಲ್ಲಿ ಏನು ಬರೆದಿದೆ, ಓದೋಣ. ಮಾಡಿದವರ ಹೆಸರಿದೆಯೇ? ಐಎಸ್‌ಐ ಗುರುತು ಇದೆಯೇ? ಅಲ್ಯೂಮಿನಿಯಂ ಪಾತ್ರೆಗೆ ಈ ಗುರುತು ಕಡ್ಡಾಯ ಎಂದು ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಮಾಡಿತು. ಹಳೇ ಬಟ್ಟೆಗೆ, ಉದುರಿದ ಕೂದಲಿಗೆ ಪಾತ್ರೆ ಕೊಡೋರು ಬೀದಿಗೆ ಬರ್ತಾರೆ. ಅವರ ಹತ್ತಿರ ಪುಕ್ಕಟೆ ಸಿಕ್ಕಿತು ಅಂತ ಹೆಸರಿಲ್ಲದ ಪಾತ್ರೆ ಒಲೆಗೆ ಇಡೋದು ಬೇಡ. ಕಾಳು ತುಂಬಿಡಲೂ ಬೇಡ.

ಇನ್ನು ನಾನ್‌ಸ್ಟಿಕ್ ತವಾ. ಇದೂ ಒಳಗೆ ಅಲ್ಯೂಮಿನಿಯಂ. ಮೇಲೆ ಟೆಫ್ಲಾನ್ ಎಂಬ ನುಣುಪು ಪದರ. ದೋಸೆ ಹತ್ತೋದಿಲ್ಲ, ಎಣ್ಣೆ ಉಳಿಯುತ್ತದೆ. ಆದರೆ ಉರಿ ಸಣ್ಣದಿರಬೇಕು. ಕಾವು 260 ಡಿಗ್ರಿ ದಾಟಿದರೆ ಪದರ ಕೆಡಲು ಶುರು. ಇನ್ನೂ ಕಾದರೆ ಕೆಟ್ಟ ಹೊಗೆ ಬರುತ್ತದೆ. ಆ ಹೊಗೆ ಕುಡಿದರೆ ನಮಗೆ ಚಳಿಜ್ವರ ಬಂದಂತೆ ಆಗಬಹುದು. ಮನೆಯಲ್ಲಿ ಸಾಕಿದ ಗಿಳಿ ಸತ್ತೇ ಹೋಗಬಹುದು. ಖಾಲಿ ತವಾ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಕ್ಕೆ ಅಷ್ಟು ಕಾಯುತ್ತದೆ. ಸೌದೆ ಒಲೆಯ ಉರಿ ನಾವು ಹೇಳಿದ ಹಾಗೆ ಕೇಳುತ್ತದೆಯೇ? ಸೌದೆ ಒಲೆ ಇರುವ ಮನೆಗೆ ಇದು ದುಡ್ಡು ದಂಡ.

ಗ್ಯಾಸ್ ಒಲೆ ಇದ್ದವರು ಮರದ ಸೌಟು ಬಳಸಲಿ. ಬೂದಿ, ತೆಂಗಿನ ನಾರು ಹಾಕಿ ತಿಕ್ಕೋದು ಬೇಡ. ಪದರದ ಚೂರು ಹೊಟ್ಟೆಗೆ ಹೋದರೆ ಮೈಗೆ ಹತ್ತದೆ ಹಾಗೇ ಹೊರಗೆ ಹೋಗುತ್ತದೆ. ಆದರೆ ಪದರ ಎದ್ದ ಮೇಲೆ ದೋಸೆ ಹತ್ತುತ್ತದೆ. ಆಗ ತವಾ ಬದಲಿಸಬೇಕು.

ಮನೆಯಲ್ಲಿ ಹಳೇ ಕಬ್ಬಿಣದ ಕಾವಲಿ ಇದ್ದರೆ ಗುಜರಿಗೆ ಹಾಕಬೇಡಿ. ಭಾರ ಹೌದು. ಆದರೆ ಅದರಿಂದ ಊಟಕ್ಕೆ ಒಂದಿಷ್ಟು ಕಬ್ಬಿಣದ ಅಂಶ ಸೇರುತ್ತದೆ. ತೊಳೆದು, ಒರೆಸಿ, ಎಣ್ಣೆ ಸವರಿಟ್ಟರೆ ತುಕ್ಕು ಹಿಡಿಯೋದಿಲ್ಲ. ಬೆಳಿಗ್ಗೆ ಅರ್ಧ ಈರುಳ್ಳಿಯಿಂದ ಉಜ್ಜಿ ದೋಸೆ ಹುಯ್ದರೆ ಸಲೀಸಾಗಿ ಏಳುತ್ತದೆ.