ಮನೆಗುಬ್ಬಿಯೂ ಮಾನವನ ಸೂರೂ

ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ವಿರಳ. ಮಳೆಗೆ ಸಿಲುಕಿದ ಕಾಗೆ ಬಂದು ಬಾಗಿಲು ತಟ್ಟುವುದು ಗುಬ್ಬಿಯ ಮನೆಯನ್ನು. ಕದ, ಒಲೆ, ಮಕ್ಕಳುಮರಿ ಎಂದು ಗೃಹಿಣಿಗೆ ಇರಬೇಕಾದುದೆಲ್ಲವೂ ಗುಬ್ಬಿಗೆ ಅಲ್ಲಿ ಉಂಟು. ಕಥೆ ಹೇಳಿದ ಅಜ್ಜಿಯರ ನೋಟ ಹುಸಿಯಲ್ಲ. ಅಮರಕೋಶವು ಚಟಕ, ಕಲವಿಂಕ ಎಂದು ಹೆಸರಿಸುವ ಈ ಹಕ್ಕಿಗೆ ಸ್ವೀಡನ್ನಿನ ವಿದ್ವಾಂಸ ಲಿನೇಯಸ್ 1758ರಲ್ಲಿ ಇಟ್ಟ ಶಾಸ್ತ್ರೀಯ ನಾಮದಲ್ಲಿಯೂ ‘ಮನೆಯದು’ ಎಂಬರ್ಥದ ಲ್ಯಾಟಿನ್ ಪದವೇ ಸೇರಿದೆ.

ಹಕ್ಕಿಗಳು ಕಟ್ಟಡಗಳನ್ನು ಆಶ್ರಯಿಸುವುದರಲ್ಲಿ ಬಗೆಗಳುಂಟು. ಪಾರಿವಾಳದ ಮೂಲ ನೆಲೆ ಕಡಿದಾದ ಬಂಡೆ. ದೇವಾಲಯದ ಗೋಪುರವಾಗಲಿ ಕೋಟೆಯ ಗೋಡೆಯಾಗಲಿ ಅದರ ಕಣ್ಣಿಗೆ ಬಂಡೆಯೇ. ಬಾನಾಡಿಯಂತೂ ಕೊಂಬೆಯ ಮೇಲೆ ಕೂರಲಾರದ ಹಕ್ಕಿ. ಗಿಡ್ಡ ಕಾಲಿನ ಚೂಪಾದ ಉಗುರುಗಳಿಂದ ಗೋಡೆಗೆ ಆತುಕೊಳ್ಳುತ್ತದೆ. ಗಾಳಿಯಲ್ಲಿ ತೇಲುವ ಗರಿ, ಹುಲ್ಲೆಸಳುಗಳನ್ನು ಹಾರುತ್ತಲೇ ಹಿಡಿದು, ಜೊಲ್ಲಿನಿಂದ ಅಂಟಿಸಿ ಮಂಟಪದ ಛಾವಣಿಯಡಿ ಗೂಡು ಕಟ್ಟುತ್ತದೆ. ಒಳಗಿರುವ ಮನುಷ್ಯನ ಅನ್ನದಿಂದ ಅದಕ್ಕೆ ಆಗಬೇಕಾದುದೇನೂ ಇಲ್ಲ.

ಗುಬ್ಬಿಯ ಮಾತು ಬೇರೆ. ಅದು ಗೋಡೆಗಾಗಿ ಮಾತ್ರ ಬಂದುದಲ್ಲ, ಕಾಳಿಗಾಗಿಯೂ ಬಂದುದು. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ತೊಡಗಿ ಸುಮಾರು 11,000 ವರ್ಷಗಳಾದುವು. ಮನುಷ್ಯನು ಕಣ ಮಾಡಿ ಕಣಜ ಕಟ್ಟಿದ ಮೇಲೆ ಗುಬ್ಬಿಯ ಒಂದು ಪಂಗಡ ಅವನ ಬೆನ್ನು ಹಿಡಿಯಿತು. ಹಿಡಿಯದೆ ಉಳಿದ ದಾಯಾದಿಗಳೂ ಇವೆ. ಬ್ಯಾಕ್ಟ್ರಿಯಾನಸ್ ಎಂಬ ಉಪಜಾತಿಯ ಗುಬ್ಬಿ ಇಂದಿಗೂ ಮಧ್ಯ ಏಷ್ಯಾದ ಹುಲ್ಲುಬಯಲು, ಹೊಳೆದಂಡೆಗಳಲ್ಲಿ ಜನವಸತಿಯಿಂದ ದೂರವಿದ್ದು, ಚಳಿಗಾಲದಲ್ಲಿ ವಲಸೆ ಹೋಗುತ್ತದೆ. ಓಸ್ಲೋ ವಿಶ್ವವಿದ್ಯಾನಿಲಯದ ಸಂಶೋಧಕರು ಇತರರೊಡಗೂಡಿ ಈ ಎರಡು ಬಗೆಯ ಗುಬ್ಬಿಗಳ ಆನುವಂಶಿಕ ದ್ರವ್ಯವನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದ ಸಂಗತಿ ಸೋಜಿಗದ್ದು. ಮನೆಗುಬ್ಬಿಯಲ್ಲಿ ತಲೆಬುರುಡೆಯ ರಚನೆಗೂ ಪಿಷ್ಟವನ್ನು ಅರಗಿಸಿಕೊಳ್ಳುವುದಕ್ಕೂ ಸಂಬಂಧಿಸಿದ ಜೀನುಗಳ ಬಳಿ ಆಯ್ಕೆಯ ಗುರುತುಗಳು ಕಂಡುಬಂದುವು. ಬೇಸಾಯಗಾರನ ಅನ್ನ ತಿಂದು ಬೆಳೆದ ನಾಯಿಯಲ್ಲಿ ಮಾರ್ಪಾಡು ಕಂಡುದೂ ಇದೇ ಬಗೆಯ ಪಿಷ್ಟದ ಜೀನಿನಲ್ಲಿ. ನಾಯಿಯನ್ನು ಮನುಷ್ಯ ಸಾಕಿದನು. ಗುಬ್ಬಿಯನ್ನು ಯಾರೂ ಸಾಕಲಿಲ್ಲ, ಕರೆಯಲೂ ಇಲ್ಲ.

ಇಷ್ಟು ದೀರ್ಘವಾದ ನಂಟಿಗೆ ತಕ್ಕ ಮನೆಗಳು ನಮ್ಮಲ್ಲಿದ್ದುವು. ನಾಡಹೆಂಚಿನ ಸೂರು, ತೊಲೆ ಜಂತೆಗಳ ಸಂದು, ಗೋಡೆಗೆ ವಾಲಿಸಿ ತೂಗುಹಾಕಿದ ಚಿತ್ರಪಟದ ಹಿಂಬದಿ, ವಿದ್ಯುತ್ತು ಬಂದ ಮೇಲೆ ಮೀಟರು ಪೆಟ್ಟಿಗೆಯ ಮೇಲ್ಭಾಗ, ಇವೆಲ್ಲವೂ ಗುಬ್ಬಿಗೆ ಸಲ್ಲುತ್ತಿದ್ದುವು. ಪಡಸಾಲೆಯಲ್ಲಿ ಹೆಂಗಸರು ಮೊರದಲ್ಲಿ ಅಕ್ಕಿ ಕೇರುವಾಗ ಚೆಲ್ಲಿದ ನುಚ್ಚು ಅದರ ಪಾಲು. ಅಂಗಳದ ಧೂಳು ಅದರ ಸ್ನಾನಕ್ಕೆ. ಹಿತ್ತಿಲ ಅವರೆಯ ಚಪ್ಪರದ ಹುಳುಗಳು ಮರಿಗಳಿಗೆ. ಈ ಕೊನೆಯದನ್ನು ಹಲವರು ಮರೆಯುತ್ತಾರೆ. ದೊಡ್ಡ ಗುಬ್ಬಿ ಕಾಳು ತಿಂದು ಬದುಕೀತು. ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ದಿನಗಳಲ್ಲಿ ಮೆತ್ತನೆಯ ಹುಳುವೇ ಬೇಕು.

ಕಾಂಕ್ರೀಟಿನ ನುಣುಪು ಗೋಡೆಯಲ್ಲಿ ಸಂದಿಲ್ಲ. ಧಾನ್ಯ ಶುದ್ಧವಾಗಿ ಚೀಲದಲ್ಲಿ ಬರುತ್ತದೆ, ಅಂಗಳಕ್ಕೆ ಕಲ್ಲು ಹಾಸಿದೆ, ಹಿತ್ತಿಲು ನಿವೇಶನವಾಗಿದೆ. ಹೀಗಿರಲು ಗುಬ್ಬಿ ಕಾಣೆಯಾದುದಕ್ಕೆ ದೂರವಾಣಿಯ ಗೋಪುರವನ್ನೇ ದೂರುವುದು ರೂಢಿಯಾಗಿದೆ. ಅದಕ್ಕೆ ದೃಢವಾದ ಆಧಾರ ದೊರೆತಿಲ್ಲ. ಕಣ್ಣೆದುರಿನ ಗೋಡೆಯನ್ನು ಬಿಟ್ಟು ದೂರದ ಗೋಪುರವನ್ನು ಶಂಕಿಸುವುದು ಸುಲಭವೆಂದಷ್ಟೇ ಹೇಳಬೇಕು. 2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು, ದೇಶವನ್ನು ಒಟ್ಟಾಗಿ ನೋಡಿದರೆ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದೂ, ಬೆಂಗಳೂರೂ ಸೇರಿದಂತೆ 6 ಮಹಾನಗರಗಳಲ್ಲಿ ಇಳಿಮುಖವಾಗಿದೆಯೆಂದೂ ತಿಳಿಸಿತು. ಸಾವಿರಾರು ವರ್ಷಗಳಲ್ಲಿ ಮೈಗೂಡಿದ ಹೊಂದಾಣಿಕೆಗೆ ಒಂದೆರಡು ತಲೆಮಾರಿನೊಳಗೆ ಬದಲಾದ ನಗರ ಸಿಕ್ಕಲಿಲ್ಲ.

ದೆಹಲಿಯು 2012ರಲ್ಲಿ ಗುಬ್ಬಿಯನ್ನು ರಾಜ್ಯಪಕ್ಷಿಯೆಂದು ಘೋಷಿಸಿತು. ಮರದ ಗೂಡುಪೆಟ್ಟಿಗೆಗಳನ್ನು ಹಂಚುವವರೂ ಹೆಚ್ಚಿದ್ದಾರೆ. ಸುಮಾರು 3 ಸೆಂಟಿಮೀಟರಿನ ದುಂಡು ಕಂಡಿಯುಳ್ಳ ಪೆಟ್ಟಿಗೆಯನ್ನು ಬಿಸಿಲು ನೇರ ಬೀಳದ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ತೂಗಿದರೆ ಗುಬ್ಬಿ ಒಪ್ಪುತ್ತದೆ. ಆದರೆ ಹತ್ತಿರದಲ್ಲಿ ಔಷಧ ಸಿಂಪಡಿಸದ ನಾಲ್ಕು ಗಿಡಬಳ್ಳಿಗಳೂ ಹಿಡಿಯಷ್ಟು ಧೂಳುನೆಲವೂ ಇರಬೇಕು.